ಎಡಕ್ಕೆ ಬಾಗಿದ ತಗಡು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು ಎಂದು ಮೊದಲೇ ಹೇಳಿಬಿಡುತ್ತೇನೆ. ಹೋದ ವಾರದವರೆಗೆ ಯಾರಾದರೂ ಕೇಳಿದ್ದರೆ, ದುಬೈನಲ್ಲಿ ಪಕ್ಕದಲ್ಲಿದ್ದ ಕಾಕ ನಮಗೆ ಮಾಡಿಕೊಟ್ಟ ತಗಡಿನ ಕೊಳವೆ ಎರಡು ಮೊಳ ಉದ್ದವಿತ್ತು ಎಂದು ಖಂಡಿತವಾಗಿ ಹೇಳುತ್ತಿದ್ದೆ. ಈಗ ಅದು ನನ್ನ ಮಡಿಲಲ್ಲಿದೆ. ಒಂದು ಮೊಳಕ್ಕೂ ಸ್ವಲ್ಪ ಕಡಿಮೆ. ಮೂಗಿನ ಹತ್ತಿರ ಹಿಡಿದರೆ ಒಳಗಿನಿಂದ ಊದುಬತ್ತಿಯ ವಾಸನೆ ಬಂದಂತಾಗುತ್ತದೆ. ಐದು ವರ್ಷದ ಹಿಂದಿನ ಹೊಗೆ ಹಾಗೆ ಉಳಿದಿರಲಾರದು. ಧೂಳು ಮತ್ತು ತಗಡಿನ ವಾಸನೆಯೇ ಇರಬೇಕು, ಉಳಿದದ್ದನ್ನು ನಾನು ಸೇರಿಸಿಕೊಳ್ಳುತ್ತಿರಬೇಕು...

ಸಿಕ್ಕಿದ್ದು ಅಬುಧಾಬಿಯಲ್ಲಿ, ಅಣ್ಣನ ಮನೆಯಲ್ಲಿ. ಶುಕ್ರವಾರ ಬೆಳಿಗ್ಗೆ ಅಲ್ ಮೀನಾದ ಮಾರ್ಕೆಟಿನಿಂದ ಮೀನು ತಂದಿದ್ದೆವು. ಹಳೆಯ ಪೇಪರ್ ಹುಡುಕಿಕೊಂಡು ಬಾಲ್ಕನಿಗೆ ಹೋದೆ. ವಾಷಿಂಗ್ ಮಷೀನಿನ ಹಿಂದೆ, ಬೆಡ್‌ಶೀಟಿನ ತುಂಡಿನಲ್ಲಿ ಸುತ್ತಿ ಇಟ್ಟಿತ್ತು. ಮೂರು ಮನೆ ಬದಲಾಯಿಸಿದವನು ಅಣ್ಣ. ಇದನ್ನು ಜೋಡಿಸಿದ್ದ ಕಂಪ್ಯೂಟರನ್ನು ಎಂದೋ ಯಾರಿಗೋ ಕೊಟ್ಟುಬಿಟ್ಟಿದ್ದ. ಈ ತಗಡನ್ನು ಮಾತ್ರ ಇಟ್ಟುಕೊಂಡಿದ್ದ.

ನಾನು ದುಬೈಗೆ ಬಂದದ್ದು ಎರಡು ಸಾವಿರದ ಹದಿನಾಲ್ಕರಲ್ಲೋ ಹದಿನೈದರಲ್ಲೋ ಎಂದು ನನಗೇ ಗೊಂದಲವಿದೆ. ಪಾಸ್‌ಪೋರ್ಟ್ ನೋಡಿದರೆ ತಿಳಿಯುತ್ತದೆ, ಆದರೆ ನೋಡಿಲ್ಲ. ಮಂಗಳೂರಿನಲ್ಲಿ ಒಳಾಂಗಣ ವಿನ್ಯಾಸ ಓದಿ ಮುಗಿಸಿ ಅಣ್ಣನ ಹತ್ತಿರ ಬಂದಿದ್ದೆ. ಅಣ್ಣ ಹೋಟೆಲೊಂದರಲ್ಲಿ ಫ್ರಂಟ್ ಆಫೀಸಿನ ಕೆಲಸದಲ್ಲಿದ್ದ. ದುಬೈನ ಸತ್ವಾ ಎಂಬಲ್ಲಿ ಒಂದು ಹಳೆಯ ವಿಲ್ಲಾದಲ್ಲಿ, ಒಂದು ದೊಡ್ಡ ಕೋಣೆಯ ಅರ್ಧ ಭಾಗ ನಮ್ಮದು. ನಡುವೆ ಪ್ಲೈವುಡ್ಡಿನ ಅಡ್ಡಗೋಡೆ. ಆ ಗೋಡೆ ಸೂರಿನವರೆಗೆ ಮುಟ್ಟಿರಲಿಲ್ಲ. ಮೇಲೆ ಒಂದು ಗೇಣು ಅಗಲದ ಕಿಂಡಿ ಬಿಟ್ಟಿದ್ದರು, ಏಕೆಂದರೆ ಎರಡೂ ಅರ್ಧಕ್ಕೆ ಸೇರಿ ಇದ್ದದ್ದು ಒಂದೇ ವಿಂಡೋ ಎ.ಸಿ. ಅದು ನಮ್ಮ ಕಡೆಯ ಗೋಡೆಯಲ್ಲಿತ್ತು. ಆಚೆಯ ಅರ್ಧದಲ್ಲಿ ಇದ್ದವರು ಕಾಕ.

ಕರಾವಳಿಯ ಮುಸ್ಲಿಮರ ಬ್ಯಾರಿ ಮಾತಿನಲ್ಲಿ ಕಾಕ ಎಂದರೆ ಹಿರಿಯಣ್ಣ. ಅವರ ಹೆಸರು ನನಗೆ ಗೊತ್ತಿತ್ತು, ಕರೆದದ್ದಿಲ್ಲ. ಉಳ್ಳಾಲದ ಕಡೆಯವರು, ಐವತ್ತು ದಾಟಿದವರು. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ವರ್ಕ್‌ಶಾಪಿನಲ್ಲಿ ದೊಡ್ಡ ಕಟ್ಟಡಗಳ ಎ.ಸಿ.ಗೆ ಡಕ್ಟ್, ಅಂದರೆ ಗಾಳಿ ಸಾಗುವ ತಗಡಿನ ಕೊಳವೆ, ಮಾಡುವ ಕೆಲಸ. ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ತಗಡು ಕತ್ತರಿಸಿ, ಬಗ್ಗಿಸಿ, ಅಂಚು ಮಡಿಸಿದ ಕೈ. ಬೆರಳುಗಳ ತುಂಬ ಕೂದಲೆಳೆಯಂಥ ಗೆರೆಗಳು, ಕೊಯ್ದು ಮಾಗಿದವು. ನಾವು ಕೊಂಕಣಿ ಕ್ರಿಶ್ಚಿಯನ್ನರಾದ್ದರಿಂದ ಊರಿನ ಪದ್ಧತಿಯಂತೆ ಅಣ್ಣನನ್ನು ಪೊರ್ಬು ಎಂದೂ ನನ್ನನ್ನು ಬಾಯಮ್ಮ ಎಂದೂ ಕರೆಯುತ್ತಿದ್ದರು. ನನಗಾಗ ಇಪ್ಪತ್ತಮೂರು. ಬಾಯಮ್ಮ ಎಂದು ಕರೆಸಿಕೊಂಡರೆ ಮುದುಕಿಯಾದಂತೆ ಅನ್ನಿಸಿ ನಗು ಬರುತ್ತಿತ್ತು.

ನನಗೊಂದು ಆಫೀಸಿನಲ್ಲಿ ಕೆಲಸ ಸಿಕ್ಕಿತು, ಆದರೆ ಮೂರು ತಿಂಗಳ ಪರೀಕ್ಷೆಯ ಮೇಲೆ. ಅಷ್ಟರಲ್ಲಿ ಒಪ್ಪಿಗೆಯಾಗದಿದ್ದರೆ ಊರಿಗೆ ವಾಪಸ್. ಕೆಲಸವೆಂದರೆ, ಇನ್ನೂ ಕಟ್ಟದ ಕೋಣೆಗಳ ಚಿತ್ರಗಳನ್ನು ಫೋಟೊದಂತೆ ಕಾಣುವಂತೆ ಕಂಪ್ಯೂಟರಿನಲ್ಲಿ ಮಾಡುವುದು. ನಕ್ಷೆ, ಬಣ್ಣ, ಬೆಳಕು ಎಲ್ಲ ಕೊಟ್ಟ ಮೇಲೆ ಒಂದೊಂದು ಚಿತ್ರವನ್ನು ಲೆಕ್ಕ ಹಾಕಿ ತೆಗೆಯಲು ಯಂತ್ರಕ್ಕೆ ಏಳೆಂಟು ಗಂಟೆ ಬೇಕು. ಆಫೀಸಿನ ಒಳ್ಳೆಯ ಯಂತ್ರಗಳು ಹಳಬರ ಕೈಯಲ್ಲಿದ್ದವು. ಹೊಸಬಳಾದ ನಾನು ಮನೆಯಲ್ಲಿ ತೆಗೆದು ತರುತ್ತೇನೆ ಎಂದು ಹುಮ್ಮಸ್ಸಿನಲ್ಲಿ ಒಪ್ಪಿಕೊಂಡುಬಿಟ್ಟೆ. ಅಣ್ಣ ಬರ್ ದುಬೈನ ಕಂಪ್ಯೂಟರ್ ಅಂಗಡಿಗಳಲ್ಲಿ ಒಂದೊಂದೇ ಭಾಗ ಆರಿಸಿ ತಂದು ನಮ್ಮ ಮೇಜಿನ ಮೇಲೆ ಕಂಪ್ಯೂಟರ್ ಜೋಡಿಸಿದ. ಬೆಳಿಗ್ಗೆ ಅದನ್ನು ಕೆಲಸಕ್ಕೆ ಹಚ್ಚಿ ನಾನು ಬಸ್ ಹಿಡಿಯುತ್ತಿದ್ದೆ. ಸಂಜೆ ಬಂದಾಗ ಚಿತ್ರ ಸಿದ್ಧವಿರಬೇಕು.

ಮೊದಲ ವಾರ ಬಂದಾಗಲೆಲ್ಲ ಪರದೆ ಕಪ್ಪಾಗಿತ್ತು. ಮಧ್ಯಾಹ್ನ ಎರಡು, ಮೂರು ಗಂಟೆಗೆ ಪ್ರೊಸೆಸರ್ ಕಾದು ತಾನಾಗಿ ಆಫ್ ಆಗಿಬಿಡುತ್ತಿತ್ತು. ಅರ್ಧ ಸೋಫಾ, ಅರ್ಧ ಕಿಟಕಿ, ಉಳಿದದ್ದು ಏನೂ ಇಲ್ಲ. ಜೂನ್ ತಿಂಗಳು.

ಪ್ರೊಸೆಸರಿನ ಡಬ್ಬಿಯೊಂದಿಗೆ ಬಂದ ಪುಟ್ಟ ಫ್ಯಾನ್ ಸಾಲದು, ಬೇರೆ ಕೂಲರ್ ಕೊಳ್ಳಬೇಕು ಎಂದು ಅಣ್ಣ ತೀರ್ಮಾನಿಸಿದ. ಯಾವುದು ಎನ್ನುವುದು ಅನೇಕ ಸಂಜೆಗಳ ಮಾತಾಯಿತು. ಕಾಕ ಆ ಬೇಸಿಗೆಯಲ್ಲಿ ನೈಟ್ ಡ್ಯೂಟಿಯಲ್ಲಿದ್ದರು. ಹಗಲು ಮಲಗಿ, ಸಂಜೆ ಎದ್ದು, ಕೆಲಸಕ್ಕೆ ಹೊರಡುವ ಮೊದಲು ಒಂದು ಗ್ಲಾಸ್ ಚಹಾ ಹಿಡಿದು ನಮ್ಮ ಬಾಗಿಲಲ್ಲಿ ನಿಲ್ಲುತ್ತಿದ್ದರು. ಅಣ್ಣ ಅಂತರ್ಜಾಲದಲ್ಲಿ ಓದಿದ್ದನ್ನೆಲ್ಲ ಅವರಿಗೆ ವಿವರಿಸುತ್ತಿದ್ದ. ಒಂದು ಬಗೆಯದು ಗೋಪುರದಂತೆ ಎತ್ತರ, ತಾಮ್ರದ ನಳಿಗೆಗಳ ಮೇಲೆ ಅಲ್ಯೂಮಿನಿಯಂ ಎಲೆಗಳು, ಪಕ್ಕಕ್ಕೊಂದು ದೊಡ್ಡ ಫ್ಯಾನ್. ಇನ್ನೊಂದರಲ್ಲಿ ನೀರು ಸುತ್ತುತ್ತದೆ.

"ಕಂಪ್ಯೂಟರಿಗೆ ನೀರು ಹಾಕುವುದಾ? ಪೊರ್ಬು, ನಿಂಗೆ ತಲೆ ಸಮ ಉಂಟಾ?"

"ಅದು ಮುಚ್ಚಿದ ನೀರು ಕಾಕ, ಹೊರಗೆ ಬರುವುದಿಲ್ಲ."

"ಹೊರಗೆ ಬರುವುದಿಲ್ಲ ಅಂತ ಹೇಳಿದ ನೀರೆಲ್ಲ ನನ್ನ ತಲೆ ಮೇಲೆ ಬಿದ್ದದ್ದುಂಟು ಮಾರಾಯ."

ನೀರಿನ ಕೂಲರ್ ಅಲ್ಲಿಗೇ ಖಲಾಸ್. ಗೋಪುರದ್ದೇ ಎಂದಾಯಿತು. ಯಾವ ಕೂಲರ್ ಪ್ರೊಸೆಸರನ್ನು ಎಷ್ಟು ಡಿಗ್ರಿಯಲ್ಲಿ ಇಡುತ್ತದೆ ಎಂಬ ಪಟ್ಟಿಯನ್ನು ಅಣ್ಣ ಪರದೆಯಲ್ಲಿ ತೋರಿಸಿದಾಗ ಕಾಕ ಬಗ್ಗಿ ನೋಡಿ, ಈ ಅಳತೆ ಮಾಡಿದವನ ಕೋಣೆ ಎಷ್ಟು ತಂಪು ಎಂದು ಕೇಳಿದರು. ನಮಗಿಬ್ಬರಿಗೂ ಅದು ಹೊಳೆದಿರಲಿಲ್ಲ. ಅಣ್ಣ ಹುಡುಕಿದ. ಪುಟದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿತ್ತು, ಇಪ್ಪತ್ತೊಂದು.

"ಹಾಗಾದ್ರೆ ಅವನಿಗೆ ಕೂಲರ್ ಎಂತಕ್ಕೆ? ಕಿಟಕಿ ತೆಗೆದಿಟ್ರೆ ಆಯ್ತಲ್ಲ" ಎಂದು ನಕ್ಕರು. ಆಮೇಲೆ, ನಗು ನಿಲ್ಲಿಸಿ, ಎಷ್ಟು ದೊಡ್ಡ ಫ್ಯಾನ್ ಹಾಕಿದರೂ ಅದು ಕೋಣೆಯ ಗಾಳಿಯನ್ನೇ ಕೊಡುವುದು, ಗಾಳಿ ಬಿಸಿಯಿದ್ದರೆ ಫ್ಯಾನ್ ಪಾಪ ಏನು ಮಾಡುತ್ತದೆ ಎಂದರು.

ಅಣ್ಣನಿಗೆ ಅದು ಹಿಡಿಸಲಿಲ್ಲ. ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದನ್ನೇ ತಂದ. ಜೋಡಿಸಿದ ಮೇಲೆ ನೋಡಿದರೆ ಕಂಪ್ಯೂಟರಿನ ಪೆಟ್ಟಿಗೆಯ ಮುಚ್ಚಳ ಹಾಕಲು ಆಗುವುದಿಲ್ಲ, ಗೋಪುರ ಒಂದು ಬೆರಳಿನಷ್ಟು ಎತ್ತರ! ಕಾಕ ಕಿಸೆಯಿಂದ ಟೇಪ್ ತೆಗೆದು ಅಳೆದರು. ತರುವ ಮೊದಲು ಅಳೆಯುವವನು ಮೇಸ್ತ್ರಿ, ತಂದ ಮೇಲೆ ಅಳೆಯುವವನು ಪೊರ್ಬು ಎಂದು ಅದು ವಾರವಿಡೀ ತಮಾಷೆಯಾಯಿತು. ಅದನ್ನು ವಾಪಸ್ ಕೊಟ್ಟು ಸ್ವಲ್ಪ ಗಿಡ್ಡದ್ದು ತಂದೆವು. ಪ್ರೊಸೆಸರಿನ ಮೇಲೆ, ಬಿಸಿಯನ್ನು ಕೂಲರಿಗೆ ದಾಟಿಸುವ ಪೇಸ್ಟ್ ಹಾಕುವ ಕೆಲಸ ನನ್ನದು. ಕುಚ್ಚಲಕ್ಕಿಯ ಒಂದು ಕಾಳಿನಷ್ಟು ಸಾಕು ಎಂದಿದ್ದ ಅಣ್ಣ. ಎರಡು ಕಾಳಿನಷ್ಟು ಬಿತ್ತು. ಒರೆಸಿ ಮತ್ತೆ ಹಾಕಿದೆ.

ಹೊಸ ಕೂಲರ್ ಹಾಕಿದ ಮೇಲೆ ಕಂಪ್ಯೂಟರ್ ಮೂರು ಗಂಟೆಗೆ ಆಫ್ ಆಗುವ ಬದಲು ನಾಲ್ಕೂವರೆಗೆ ಆಫ್ ಆಗತೊಡಗಿತು. ನನ್ನ ಪರೀಕ್ಷೆಯ ಅವಧಿಯಲ್ಲಿ ಐದು ವಾರ ಉಳಿದಿತ್ತು. ಆ ಸಂಜೆ ನಾನು ಅತ್ತೆ ಎಂದು ನೆನಪು. ಅಡ್ಡಗೋಡೆಯ ಆಚೆಗೆ ಕೇಳಿಸುವಷ್ಟು ಅತ್ತೆನೋ ಇಲ್ಲವೋ ಗೊತ್ತಿಲ್ಲ. ಅಲ್ಲಿ ಎಲ್ಲವೂ ಕೇಳಿಸುತ್ತಿತ್ತು.

ಮರುದಿನವೋ ಅದರ ಮರುದಿನವೋ ಶುಕ್ರವಾರ. ಕಾಕ ಒಂದು ಊದುಬತ್ತಿ ಹಿಡಿದುಕೊಂಡು ಬಂದರು. ಗಾಳಿ ಎತ್ತ ಹೋಗುತ್ತದೆ ಎಂದು ನೋಡಲು ಕೆಲಸದಲ್ಲಿ ಅವರು ಮಾಡುತ್ತಿದ್ದದ್ದು ಹಾಗೆಯಂತೆ. ಸ್ಟೂಲಿನ ಮೇಲೆ ನಿಂತು ಎ.ಸಿ.ಯ ಮುಂದೆ ಹಿಡಿದರು. ಹೊಗೆ ನೂಲಿನಂತೆ ನೇರವಾಗಿ, ನಮ್ಮ ತಲೆಗಳ ಮೇಲಿನಿಂದ ಸಾಗಿಹೋಯಿತು. ಆಮೇಲೆ ಇಳಿದು ಕಂಪ್ಯೂಟರಿನ ಹತ್ತಿರ ಹಿಡಿದರು. ಅಲ್ಲಿ ಹೊಗೆ ಎತ್ತಲೂ ಹೋಗದೆ ನಿಂತಲ್ಲೇ ಸುತ್ತಿತು.

"ನೋಡಿ ಬಾಯಮ್ಮ. ತಂಪೆಲ್ಲ ಮೇಲಿಂದ ಮೇಲೆ ಹೋಗ್ತದೆ. ನಿಮ್ಮ ಮೆಷೀನಿಗೆ ಅದರ ಗಾಳಿಯೇ ಸೋಕುವುದಿಲ್ಲ."

ಮೇಲಿಂದ ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಅವರು ಹೇಳಲಿಲ್ಲ. ನಾನು ಕೇಳಲಿಲ್ಲ.

ಒಂದು ವಾರ ಬಿಟ್ಟು ಈ ತಗಡನ್ನು ತಂದರು. ವರ್ಕ್‌ಶಾಪಿನಲ್ಲಿ ಬಿಸಾಡುವ ತುಂಡುಗಳಿಂದ ಮಾಡಿದ್ದು ಎಂದರು. ಒಂದು ಬದಿ ಅಗಲ, ಎ.ಸಿ.ಯಿಂದ ಗಾಳಿ ಬರುವ ಸೀಳಿನ ಅರ್ಧಕ್ಕೆ ಕೂರುವಂತೆ. ಇನ್ನೊಂದು ಬದಿ ಚೌಕ, ಕಂಪ್ಯೂಟರಿನ ಮೇಲಿನ ಜಾಲರಿಗೆ ಕೂರುವಂತೆ. ಎ.ಸಿ.ಯ ಹನಿ ನೀರು ಯಂತ್ರದೊಳಗೆ ಬೀಳಬಾರದೆಂದು ನಡುವೆ ಒಂದು ಬಾಗು, ಬಾಗಿನ ತಳದಲ್ಲಿ ಸಣ್ಣ ತೂತು. ಕೈ ಕೊಯ್ಯಬಾರದೆಂದು ಅಂಚುಗಳನ್ನೆಲ್ಲ ಎರಡು ಸಲ ಮಡಿಸಿದ್ದರು. ಈಗಲೂ ಬೆರಳು ಆಡಿಸಿದರೆ ಎಲ್ಲಿಯೂ ತಾಗುವುದಿಲ್ಲ.

ಅದನ್ನು ಕೂರಿಸುವಾಗ ಕಾಕ ಮತ್ತು ಅಣ್ಣ ಎರಡು ಸ್ಟೂಲುಗಳ ಮೇಲೆ ನಿಂತಿದ್ದರು. ನಾನು ಕೆಳಗೆ ಊದುಬತ್ತಿ ಹಿಡಿದಿದ್ದೆ. ಎ.ಸಿ. ಗಡಗಡ ಎನ್ನುತ್ತಿತ್ತು, ಪರೀಕ್ಷೆಗೆಂದು ಕಂಪ್ಯೂಟರನ್ನು ಪೂರ್ತಿ ಕೆಲಸಕ್ಕೆ ಹಚ್ಚಿದ್ದೆವು. ಆ ಸದ್ದಿನಲ್ಲಿ ಕಾಕ ಒಮ್ಮೆ ಅಡ್ಡಗೋಡೆಯ ಮೇಲಿನ ಕಿಂಡಿಯ ಕಡೆ ನೋಡಿ, ಅಣ್ಣನ ಕಿವಿಯ ಹತ್ತಿರ ಬಾಗಿ ಏನೋ ಹೇಳಿದರು. ತುಳುವಿನಲ್ಲಿ ಇರಬೇಕು, ಅವರಿಬ್ಬರು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಅಣ್ಣ ತಲೆ ಅಲ್ಲಾಡಿಸಿದ. ಹೌದು ಎಂದೋ ಬೇಡ ಎಂದೋ ಕೆಳಗಿನಿಂದ ನನಗೆ ತಿಳಿಯಲಿಲ್ಲ. ಕಾಕ ಅವನ ಹೆಗಲಿಗೆ ತಟ್ಟಿ, ಗಟ್ಟಿಯಾಗಿ, ನನಗೆ ಕೇಳುವಂತೆ, "ಯಲ್ಲಾ, ಬೇಗ ಸ್ಕ್ರೂ ಕೊಡಿ ಬಾಯಮ್ಮ" ಎಂದರು.

ಹೊಗೆ ಈ ಸಲ ಸರ್ರನೆ ಕೊಳವೆಯೊಳಗೆ ಹೋಗಿ ಕಂಪ್ಯೂಟರಿನ ಹಿಂದಿನಿಂದ ಹೊರಬಂತು. ನಾನು ಚಪ್ಪಾಳೆ ತಟ್ಟಿದೆ.

ಆಮೇಲೆ ಯಂತ್ರ ಒಂದು ದಿನವೂ ನಿಲ್ಲಲಿಲ್ಲ. ಆ ವಾರ ಪೂರ್ತಿಯಾದ ಮೊದಲ ಚಿತ್ರ ಒಂದು ಮಲಗುವ ಕೋಣೆಯದು. ಬಿಳಿ ಹಾಸಿಗೆ, ಪರದೆಯ ಸಂದಿಯಿಂದ ಬೆಳಗಿನ ಬಿಸಿಲು. ಆಫೀಸಿನಲ್ಲಿ ಎಲ್ಲರೂ ಮೆಚ್ಚಿಕೊಂಡರು. ಅವಧಿ ಮುಗಿಯುವ ಮೊದಲೇ ನನ್ನ ಕೆಲಸ ಖಾಯಂ ಆಯಿತು.

ಇನ್ನೊಂದು ಸಂಗತಿಯನ್ನು ಇಲ್ಲಿ ಬರೆಯಬೇಕು. ವಿಲ್ಲಾದ ವಾಚ್‌ಮನ್ ದಿನಾ ಬೆಳಿಗ್ಗೆ ಎಲ್ಲ ಕೋಣೆಗಳ ಎ.ಸಿ. ಸ್ವಿಚ್ಚನ್ನು ಕೆಳಗಿಳಿಸಿಬಿಡುತ್ತಿದ್ದ. ಜನ ಕೆಲಸಕ್ಕೆ ಹೋದ ಮೇಲೆ ಖಾಲಿ ಕೋಣೆಗೆ ತಂಪೇಕೆ ಎಂಬ ನಿಯಮ. ನಮ್ಮ ಕೋಣೆಗೆ ಮಾತ್ರ ವಿನಾಯಿತಿ ಇತ್ತು, ಆಚೆಯ ಅರ್ಧದಲ್ಲಿ ನೈಟ್ ಡ್ಯೂಟಿಯವರು ಹಗಲು ಮಲಗುತ್ತಾರೆ ಎಂದು. ಹಗಲಿಡೀ ಆ ಎ.ಸಿ. ಓಡುತ್ತಿದ್ದದ್ದು ಕಾಕನ ನಿದ್ದೆಗಾಗಿ. ಇದು ನನಗೆ ಆಗಲೂ ಗೊತ್ತಿತ್ತು. ಗೊತ್ತಿರುವುದಕ್ಕೂ ಅದರ ಬಗ್ಗೆ ಯೋಚಿಸುವುದಕ್ಕೂ ನಡುವೆ ಎಷ್ಟು ದೂರ ಇರಬಹುದು ಎಂದು ಈಗ ಕೇಳಿಕೊಳ್ಳುತ್ತಿದ್ದೇನೆ.

ಅದೇ ಹೊತ್ತಿಗೆ ರಂಜಾನ್ ನಡೆಯುತ್ತಿತ್ತು. ಕಾಕ ಮಧ್ಯಾಹ್ನದ ನಮಾಜಿಗೆ ಮಸೀದಿಗೆ ಹೋದವರು ಸಂಜೆಯವರೆಗೂ ಬರುತ್ತಿರಲಿಲ್ಲ ಎಂದು ರಜೆಯ ದಿನಗಳಲ್ಲಿ ಗಮನಿಸಿದೆವು. ಹೆಗಲ ಮೇಲೆ ಮಡಿಸಿದ ಟವೆಲ್. ಅಣ್ಣ ಕೆಣಕಿದ, "ಏನ್ ಕಾಕ, ಭಾರೀ ಭಕ್ತಿ! ಈ ಸಲ ಹಜ್‌ಗೆ ಹೋಗುವ ಅಂದಾಜಾ?"

"ಅಲ್ಲಾಹನ ಮನೆಯಲ್ಲಿ ಒಳ್ಳೆ ತಂಪುಂಟು ಪೊರ್ಬು" ಎಂದರು. ನಾವು ನಕ್ಕೆವು. ವಯಸ್ಸಾಗುತ್ತಿದೆ, ದೇವರ ಕಡೆ ಮನಸ್ಸು ತಿರುಗಿದೆ ಎಂದು ನಾವಿಬ್ಬರೂ ಮಾತಾಡಿಕೊಂಡೆವು. ನಮ್ಮ ಊರಿನವರಿಗೆ ಅದು ಸಹಜವಾಗಿ ತೋರುವ ಕಾರಣ.

ರಂಜಾನ್ ಮುಗಿದ ಮೇಲೆ ಒಂದು ದಿನ ನಾನು ತಲೆನೋವೆಂದು ಆಫೀಸಿನಿಂದ ಬೇಗ ಹೊರಟೆ. ಸತ್ವಾದ ಹತ್ತಿರ ಬಸ್ಸಿನಿಂದ ಇಳಿದಾಗ ಗಾಜಿನ ಎ.ಸಿ. ಬಸ್ ಸ್ಟಾಪಿನೊಳಗೆ ಕಾಕ ಕಂಡರು. ಮೂಲೆಯ ಸೀಟಿನಲ್ಲಿ, ಗಾಜಿಗೆ ತಲೆ ಆನಿಸಿ, ಬಾಯಿ ತುಸು ತೆರೆದು ಮಲಗಿದ್ದರು. ಗಂಟೆ ಮೂರು ದಾಟಿರಲಿಲ್ಲ. ಅವರ ಡ್ಯೂಟಿ ಶುರುವಾಗುವುದು ರಾತ್ರಿಗೆ. ನಾನು ಬಾಗಿಲು ತೆಗೆದ ಸದ್ದಿಗೆ ಎಚ್ಚರಾಗಿ ನನ್ನನ್ನು ನೋಡಿ, ತಟ್ಟನೆ ನೆಟ್ಟಗೆ ಕೂತು, "ಬಸ್ ತಪ್ಪಿತು ಬಾಯಮ್ಮ" ಎಂದರು. ನಾನು ನಂಬಿದೆ. ಅಥವಾ ನಂಬುವುದು ಸುಲಭವಾಗಿತ್ತು... ಮನೆಗೆ ಬಂದೆ. ಕೋಣೆ ಹಿತವಾಗಿ ತಂಪಾಗಿತ್ತು. ಮೊದಲಿಗಿಂತಲೂ ತಂಪು. ಕೊಳವೆಯಿಂದ ಕಂಪ್ಯೂಟರ್ ಸಣ್ಣಗೆ ಉಸಿರಾಡುತ್ತಿತ್ತು.

ಅಕ್ಟೋಬರಿಗೆ ಮೊದಲು, ಸೆಕೆ ಇನ್ನೂ ಇಳಿದಿರಲಿಲ್ಲ, ವರ್ಕ್‌ಶಾಪಿನಲ್ಲಿ ತಗಡು ಕತ್ತರಿಸುವ ಯಂತ್ರಕ್ಕೆ ಕಾಕನ ಬಲಗೈ ಸಿಕ್ಕಿತು. ತೋರುಬೆರಳು, ನಡುಬೆರಳು ಎರಡೂ ಹೋದವು. ಆಸ್ಪತ್ರೆಗೆ ನೋಡಲು ಹೋದಾಗ ಬಿಳಿ ಬ್ಯಾಂಡೇಜಿನ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ನಗುತ್ತಿದ್ದರು. ಇಷ್ಟು ವರ್ಷದಲ್ಲಿ ಒಮ್ಮೆಯೂ ಆಗದ್ದು ಹೇಗಾಯಿತು ಎಂದು ಅಣ್ಣ ಕೇಳಿದ.

"ಒಂದು ಸೆಕೆಂಡ್ ಕಣ್ಣು ಹತ್ತಿತು. ಅಷ್ಟೇ" ಎಂದರು.

ಅಣ್ಣ ಆಗ ಹೊರಗೆ ಹೋದ. ನೀರಿನ ಬಾಟಲಿ ತರಲು ಎಂದ. ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಬಾಟಲಿ ಇರಲಿಲ್ಲ ಎಂದು ನನ್ನ ನೆನಪು. ಆದರೆ ಇದನ್ನು ನಾನು ಈಗ, ಬರೆಯುವಾಗ, ಸೇರಿಸುತ್ತಿದ್ದೇನೆಯೋ ಎಂಬ ಅನುಮಾನವೂ ಇದೆ.

ಒಂದೆರಡು ತಿಂಗಳಲ್ಲಿ ಕಾಕನ ವೀಸಾ ರದ್ದಾಗಿ ಊರಿಗೆ ಹೊರಟರು. ಹೊರಡುವ ದಿನ ನಮ್ಮ ಕೋಣೆಗೆ ಬಂದು, ಎಡಗೈಯಿಂದ ಕೊಳವೆಯ ಸ್ಕ್ರೂಗಳು ಬಿಗಿಯಾಗಿವೆಯೇ ಎಂದು ಒಂದೊಂದಾಗಿ ಮುಟ್ಟಿ ನೋಡಿದರು. ತೂತಿನಲ್ಲಿ ಧೂಳು ಕಟ್ಟಿದರೆ ಕಡ್ಡಿ ಹಾಕಿ ತೆಗೆಯಬೇಕು ಎಂದರು. ಅಣ್ಣ ಅವರನ್ನು ಏರ್‌ಪೋರ್ಟಿಗೆ ಬಿಟ್ಟು ಬಂದ. ಬಂದವನು ಮೊದಲು ಮಾಡಿದ ಕೆಲಸವೆಂದರೆ ಸ್ಟೂಲ್ ಹತ್ತಿ ಆ ಕೊಳವೆಯನ್ನು ಬಿಚ್ಚಿದ್ದು. ನಾನು ಏಕೆ ಎಂದಾಗ, ಇನ್ನು ಸೆಕೆ ಇಲ್ಲವಲ್ಲ ಎಂದ. ಚಳಿಗಾಲ ಬಂದಿತ್ತು, ನಿಜ. ಅದನ್ನು ಆ ಮನೆಯಲ್ಲಿ ಮತ್ತೆ ಹಾಕಲಿಲ್ಲ. ಮುಂದಿನ ಬೇಸಿಗೆಯ ಹೊತ್ತಿಗೆ ನಾನು ಆಫೀಸಿನ ಯಂತ್ರದಲ್ಲೇ ಕೆಲಸ ಮಾಡುತ್ತಿದ್ದೆ.

ಕಾಕ ತೀರಿಹೋದ ಸುದ್ದಿ ಬಂದದ್ದು ಅದಾಗಿ ಎರಡು ವರ್ಷಕ್ಕೆ. ಸಕ್ಕರೆ ಕಾಯಿಲೆ ಇತ್ತಂತೆ. ಅದಕ್ಕೂ ಬೆರಳಿಗೂ ಸಂಬಂಧವಿಲ್ಲ, ಬೆರಳಿಗೂ ಈ ತಗಡಿಗೂ ಸಂಬಂಧವಿದೆ ಎಂದು ಹೇಳಿದವರು ಯಾರೂ ಇಲ್ಲ. ನೈಟ್ ಡ್ಯೂಟಿ ಮಾಡುವ ಯಾರ ಕಣ್ಣಾದರೂ ಒಂದು ಸೆಕೆಂಡ್ ಹತ್ತಬಹುದು. ಇದನ್ನೆಲ್ಲ ನಾನು ನನಗೇ ಹೇಳಿಕೊಂಡಿದ್ದೇನೆ.

ಆದರೆ ಬಾಲ್ಕನಿಯಲ್ಲಿ ಆ ಬಟ್ಟೆ ಬಿಚ್ಚಿ ತಗಡನ್ನು ಕೈಗೆ ತೆಗೆದುಕೊಂಡಾಗ ಅದರ ಬಾಗು ಎಡಕ್ಕಿತ್ತು. ಕೋಣೆಗಳ ನಕ್ಷೆ ಬರೆಯುವುದು ನನ್ನ ಕೆಲಸ. ಮೀನು ತಂದ ಚೀಲದ ಬಿಲ್ಲಿನ ಹಿಂದೆ ಸತ್ವಾದ ಆ ಕೋಣೆಯನ್ನು ಬರೆದೆ. ಇಲ್ಲಿ ಎ.ಸಿ., ಇಲ್ಲಿ ಮೇಜು, ಇಲ್ಲಿ ಅಡ್ಡಗೋಡೆ, ಇಲ್ಲಿ ಕಿಂಡಿ. ಈ ತಗಡು ಆ ಎ.ಸಿ.ಯ ಎಡ ಅರ್ಧಕ್ಕೆ ಮಾತ್ರ ಕೂರುತ್ತದೆ, ಬಲಕ್ಕೆ ತಿರುಗಿಸಲು ಬರುವುದಿಲ್ಲ. ಎಡ ಅರ್ಧದ ಗಾಳಿಗೆ ಬಾಣದ ಗುರುತು ಹಾಕಿದೆ. ಬಾಣ ನೇರವಾಗಿ ಕಿಂಡಿಯೊಳಗೆ ಹೋಯಿತು. ಬಲ ಅರ್ಧದ್ದು, ಅದರ ಪಟ್ಟಿಗಳು ಕೆಳಗೆ ಬಾಗಿದ್ದರಿಂದ, ನಮ್ಮ ಹಾಸಿಗೆಗಳ ಮೇಲೆ ಬೀಳುತ್ತಿದ್ದದ್ದು. ಕಾಕ ನಮ್ಮ ಪಾಲನ್ನು ಮುಟ್ಟಲಿಲ್ಲ. ಕಂಪ್ಯೂಟರಿಗೆ ಕೊಟ್ಟದ್ದು ಅವರ ಪಾಲನ್ನು. ಜುಲೈ, ಆಗಸ್ಟ್, ಸೆಪ್ಟೆಂಬರ್, ಆ ಪ್ಲೈವುಡ್ಡಿನ ಆಚೆ ಒಂದು ಎಳೆ ತಂಪೂ ಹೋಗಿರಲಾರದು. ಇಪ್ಪತ್ತು ವರ್ಷ ಗಾಳಿಗೆ ದಾರಿ ಮಾಡಿಕೊಟ್ಟ ಮನುಷ್ಯನಿಗೆ, ಕೈಯಲ್ಲಿ ಊದುಬತ್ತಿ ಹಿಡಿದು ನೋಡಿದವನಿಗೆ, ಅದು ಗೊತ್ತಿರಲಿಲ್ಲ ಎಂದು ನಾನು ಹೇಗೆ ನಂಬಲಿ?

ಮೇಜು ಎಡಕ್ಕಿದ್ದದ್ದರಿಂದ ಎಡಕ್ಕೇ ಮಾಡಬೇಕಾಯಿತು ಎನ್ನಬಹುದು. ಆದರೆ ಮೇಜನ್ನು ಸರಿಸಬಹುದಿತ್ತು. ಇಬ್ಬರು ಹಿಡಿದರೆ ಒಂದು ನಿಮಿಷದ ಕೆಲಸ. ಬಲಕ್ಕೆ ನನ್ನ ಮಂಚವಿತ್ತು. ಅದನ್ನು ಆಚೆ ಹಾಕಬೇಕಾಗುತ್ತಿತ್ತು, ನನಗೆ ಬರುವ ಗಾಳಿ ಕಡಿಮೆಯಾಗುತ್ತಿತ್ತು. ಅಷ್ಟೇ.

ನಕ್ಷೆಯನ್ನೂ ತಗಡನ್ನೂ ಹಿಡಿದು ಅಡುಗೆಮನೆಗೆ ಹೋದೆ. ಅಣ್ಣ ಸಿಂಕಿನಲ್ಲಿ ಬಂಗುಡೆ ಶುಚಿ ಮಾಡುತ್ತಿದ್ದ. ತಿರುಗಿ ನೋಡಿದ. ಮೊದಲು ನೋಡಿದ್ದು ನನ್ನ ಮುಖವನ್ನಲ್ಲ, ತಗಡನ್ನು. ನಾನು ಕೇಳಬೇಕಾದದ್ದನ್ನು ಕೇಳಿದೆ. ಅವನು ಕತ್ತಿ ಕೆಳಗಿಟ್ಟ. ಕೈ ತೊಳೆಯುತ್ತಾನೆ, ಈಗ ಹೇಳುತ್ತಾನೆ ಎಂದುಕೊಂಡೆ. ನಲ್ಲಿ ಪೂರ್ತಿ ತೆರೆದು, ಮತ್ತೊಂದು ಮೀನು ತೆಗೆದುಕೊಂಡು, ಅದರ ಕಿವಿರಿಗೆ ಬೆರಳು ಹಾಕಿದ.

"ಪೇಪರ್ ಸಿಕ್ತಾ?" ಎಂದ.

ಊಟ ಮಾಡಿದೆವು. ಹೊರಡುವಾಗ ತಗಡನ್ನು ಒಯ್ಯಲೇ ಎಂದೆ. ಬೇಡ ಎನ್ನಲಿಲ್ಲ. ಬೆಡ್‌ಶೀಟಿನ ತುಂಡನ್ನು ಮತ್ತೆ ಸುತ್ತಿ, ಗಂಟು ಹಾಕಿ, ಅವನೇ ಚೀಲದಲ್ಲಿ ಇಟ್ಟುಕೊಟ್ಟ.

ಅವನಿಗೆ ಗೊತ್ತಿತ್ತು ಎಂದಾದರೆ ನಾನು ಪಾರಾಗುತ್ತೇನೆಯೇ? ಇಲ್ಲ. ಚಪ್ಪಾಳೆ ತಟ್ಟಿದವಳು ನಾನು, ಬಸ್ ಸ್ಟಾಪಿನಿಂದ ತಂಪು ಕೋಣೆಗೆ ನಡೆದು ಬಂದವಳೂ ನಾನು. ಆದರೂ ತಿಳಿಯಬೇಕು. ಕೊಳವೆ ಕೂರಿಸುವಾಗ ಕಾಕ ಅನುಮತಿ ಕೇಳಿದರೋ, ಎಚ್ಚರಿಸಿದರೋ, ನನಗೆ ಹೇಳಬೇಡ ಎಂದರೋ... ಮೊನ್ನೆ ಮತ್ತೆ ಅದನ್ನೇ ಬರೆದು ಅಣ್ಣನಿಗೆ ಕಳಿಸಿದೆ. ಅವನು ಓದಿದ್ದಾನೆ ಎಂದು ಫೋನ್ ತೋರಿಸುತ್ತದೆ.

ಅಣ್ಣ, ಅವತ್ತು ಸ್ಟೂಲಿನ ಮೇಲೆ ನಿಂತು ಕಾಕ ನಿನ್ನ ಕಿವಿಯಲ್ಲಿ ಎಂತ ಹೇಳಿದ್ರು?